ಕೊನೆಯ ದೀಪದ ಬಿರಡೆ

ಮತ್ತೆ ನಡುಗಿತು, ಆರನೇ ದೀಪ, ಧೂಳು ಬಿದ್ದ ಕಣ್ಣಿನ ಹಾಗೆ ಪಟಪಟ, ಇನ್ನೂ ಇಷ್ಟು ಬಿಸಿಲಿದೆ ಯಾರಿಗೂ ಕಾಣಲ್ಲ ಅಂದುಕೊಂಡೆ, ಕ್ಲಬ್ಬಿನ ಕಾರ್ಯದರ್ಶಿ ಆಲ್ಸಿದೆಸ್‌ಗೆ ಕಂಡೇಬಿಟ್ಟಿತು, ಮಾಟೆ ಕಷಾಯಕ್ಕೆ ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದಾನೆ, ನೋಡು ನಿಬಿಯಾ, ಏಳು ಗಂಟೆ ತನಕ ಕಾಯ್ತೀನಿ, ಆಮೇಲೆ ಬಾಡಿಗೆ ದೀಪದ ಕಂಪನಿಯವರನ್ನ ಕರಿಸ್ತೀನಿ, ಬೇಜಾರು ಮಾಡ್ಕೋಬೇಡ — ಬೇಜಾರು ಆಗದೆ ಇರೋಕೆ ನಾನೇನು ದೀಪದ ಕಂಬವಾ, ಇಪ್ಪತ್ತೆಂಟು ಕಾರ್ನಿವಲ್ ಈ ಬಯಲು ವೇದಿಕೆಗೆ ಬೆಳಕು ಕೊಟ್ಟವನು ನನ್ನಣ್ಣ ಹೆಬರ್ಟ್, ಅವನ ಬೆನ್ನಿಗೆ ನಾನು, ಪ್ರತಿ ಫೆಬ್ರವರಿ ಅವನು ಅದೇ ನೀಲಿ ಷರಟು ತೊಟ್ಟು, ಎಡಜೇಬು ಒಮ್ಮೆ ತಟ್ಟಿಕೊಂಡು, ನಡಿಯೇ ಅನ್ನುತ್ತಿದ್ದ, ಹೋದ ಜೂನ್, ನಮ್ಮ ಕಡೆಯ ಚಳಿಗಾಲದಲ್ಲಿ, ತಾನೇ ನಡೆದುಬಿಟ್ಟ, ಅವನಿಲ್ಲದ ಮೊದಲ ಕಾರ್ನಿವಲ್ ಇದು, ಇವತ್ತು ಕಂಪನಿಯವರು ಕಾಲಿಟ್ಟರೆ ಮುಗೀತು, ಮುಂದಿನ ವರ್ಷ ನನ್ನನ್ನು ಯಾರು ಕರೀತಾರೆ, ಅಣ್ಣನ ಹನ್ನೆರಡು ದೀಪ ಉಗ್ರಾಣದಲ್ಲಿ ಧೂಳು ತಿನ್ನುತ್ತವೆ — ಕೇಬಲ್ಲೇ ಇರಬೇಕು, ಕೇಬಲ್ ಬದಲಾಯಿಸೋಣ, ಪೆಟ್ಟಿಗೆ ತೆರೆದರೆ ಅವನದೇ ವಾಸನೆ, ರಬ್ಬರು, ತಂಬಾಕು, ದಪ್ಪ ಕರಿಯವು ಕರೆಂಟಿಗೆ, ಸಣ್ಣವು ದೀಪಗಳಿಗೆ ಹುಕುಂ ಒಯ್ಯೋಕೆ, ಈ ಹುಕುಮಿನ ಕೇಬಲ್ಲೂ ಮೈಕಿನ ಕೇಬಲ್ಲೂ ನೋಡೋಕೆ ಅವಳಿಜವಳಿ, ಎರಡಕ್ಕೂ ಮೂರು ಮುಳ್ಳಿನ ಒಂದೇ ಬಾಯಿ, ಕಣ್ಣು ಮುಚ್ಚಿ ಸಿಕ್ಕಿಸಿದರೂ ಕೂರುತ್ತೆ, ಅಲ್ಲೇ ಮೋಸ, ಮೊದಲ ವರ್ಷ ನಾನು ಮೈಕಿನದನ್ನೇ ಹಾಕಿಬಿಟ್ಟೆ, ಮುರ್ಗಾ ಮೇಳದ ಹದಿನೇಳು ಜನ ಮುಖಕ್ಕೆ ಬಣ್ಣ ಬಳಿದುಕೊಂಡು ಹಾಡೋಕೆ ಬಾಯಿ ತೆರೆದರು, ವೇದಿಕೆಯ ಬೆಳಕೆಲ್ಲ ಜ್ವರ ಬಂದ ಹಾಗೆ ನಡುಗಿತು, ಅಣ್ಣ ಬೈಯಲಿಲ್ಲ, ಏನೇ, ಬಾಯಿ ಒಂದೇ ಥರ ಇದ್ರೆ ಹೊಟ್ಟೆನೂ ಒಂದೇ ಅಂದ್ಕೊಂಡ್ಯಾ, ನಿನ್ ಗಂಡನ್ನೂ ಹೀಗೇ ಆರಿಸಿದ್ದಾ, ಅಂತ ನಕ್ಕ, ಮಾರನೇ ದಿನ ಟೇಪು ತಂದು ಸುತ್ತಿದ, ಹಳದಿ ದೀಪಕ್ಕೆ, ನೀಲಿ ಮೈಕಿಗೆ, ಕೇಬಲ್ಲನ್ನ ಮೊಣಕೈಗೆ ಸುತ್ತಬೇಡ ಕಣೇ, ಅದು ಬಟ್ಟೆ ಒಣಗಿಸೋ ಹಗ್ಗ ಅಲ್ಲ, ಒಂದು ಸುತ್ತು ಹೊರಗೆ ಒಂದು ಸುತ್ತು ಒಳಗೆ, ಹಾಂ, ಹಾಗೆ, ಅವನ ಆ ಹಾಂ ಕೇಳಬೇಕು ಅಂತ ಎಷ್ಟು ಆಸೆಯಾಗುತ್ತೆ — ಹಳದಿ ಟೇಪಿನದೇ ಸಿಕ್ಕಿತು, ಸಿಕ್ಕಿಸಿದೆ, ಆರನೆಯದು ಮತ್ತೆ ಪಟಪಟ, ಈಗ ಒಂಬತ್ತನೆಯದೂ ಸೇರಿಕೊಂಡಿತು.

ಆರೂವರೆ, ಆಲ್ಸಿದೆಸ್ ಫೋನು ಕೈಗೆ ತೆಗೆದುಕೊಂಡ, ತಡಿಯೋ ಮಾರಾಯ — ಅಣ್ಣ ಏನು ಹೇಳ್ತಿದ್ದ, ದಾರಿ ಕಾಣದಿದ್ರೆ ಕೇಬಲ್ ಹಿಡ್ಕೊಂಡು ನಡಿ, ಮೊದಲಿಂದ ಕೊನೆ ತನಕ ಕೈ ಬಿಡದೆ ನಡಿ, ನಡೆದೆ, ಒಂದು, ನಾಲ್ಕು, ಏಳು, ಚೊರಿಸೊ ಮಾಂಸ ಸುಡುವ ಹೊಗೆ ಕಣ್ಣಿಗೆ ಬಂತು, ಹನ್ನೆರಡು, ಇದೇ ಕೊನೆ, ಇದರ ಹಿಂದಿನ ಬಾಯಿ ತೆರೆದೇ ಇದೆ, ಖಾಲಿ — ಬಿರಡೆ ಎಲ್ಲಿ, ಹುಕುಂ ಕೊನೆ ತನಕ ಓಡಿ, ತಡೆಯೋರಿಲ್ಲದೆ ವಾಪಸ್ ಬಂದು ತನಗೇ ಡಿಕ್ಕಿ ಹೊಡೆಯುತ್ತೆ ಕಣೇ, ಕೊನೆಯ ಬಾಯಿ ಮುಚ್ಚಬೇಕು ಅಂತ ಅಣ್ಣನೇ ಮೂರು ಮುಳ್ಳಿನ ತುದಿಯೊಳಗೆ ಪುಟ್ಟ ರೆಸಿಸ್ಟರ್ ಬೆಸೆದು ಮಾಡಿದ್ದ ಬಿರಡೆ, ಕಾರ್ನಿವಲ್ ಮುಗಿದ ದಿನ ಅದನ್ನು ಕಿತ್ತು, ಎಡಜೇಬಿಗೆ ಹಾಕಿ, ಗುಂಡಿ ಹಾಕಿಕೊಳ್ಳುತ್ತಿದ್ದ, ಮುಂದಿನ ಫೆಬ್ರವರಿ ತನಕ ಷರಟು ಬೀರುವಿನಲ್ಲಿ, ಬಿರಡೆ ಷರಟಿನಲ್ಲಿ — ಆ ಷರಟೇ, ಜೂನ್‌ನಲ್ಲಿ ಮಣ್ಣಿಗಿಡೋ ಮುನ್ನ ನಾನೇ ಇಸ್ತ್ರಿ ಮಾಡಿ ತೊಡಿಸಿದ್ದು, ಅವನಿಗಿದ್ದ ಒಳ್ಳೆ ಷರಟು ಅದೊಂದೇ, ಜೇಬಿನಲ್ಲಿ ಗಟ್ಟಿ ಏನೋ ಕೈಗೆ ತಗುಲಿತು, ಲೈಟರ್ ಅಂದುಕೊಂಡೆ, ಇರಲಿ, ಅಲ್ಲಾದರೂ ನೆಮ್ಮದಿಯಾಗಿ ಸೇದಲಿ ಅಂತ ಬಿಟ್ಟೆ, ಅಳುತ್ತಲೇ ಬಿಟ್ಟೆ — ಪೆಟ್ಟಿಗೆಯ ತಳದಲ್ಲಿ ಖಾಲಿ ತುದಿಯೊಂದಿದೆ, ಡಬ್ಬಿಯಲ್ಲಿ ರೆಸಿಸ್ಟರ್ ಇದೆ, ಬೆಸುಗೆ ಕಡ್ಡಿ ಕಾಯಿಸಿದೆ, ಬೆರಳು ಸುಟ್ಟಿತು, ಸುಡಲಿ, ಎರಡನೇ ಮುಳ್ಳಿಗೊಂದು ಕಾಲು, ಮೂರನೆಯದಕ್ಕೊಂದು, ಕೊನೆಯ ದೀಪದ ಬಾಯಿಗೆ ಒತ್ತಿದೆ, ಹನ್ನೆರಡೂ ಕದಲದೆ ನಿಂತವು, ಆಲ್ಸಿದೆಸ್ ಫೋನು ಒಳಗಿಟ್ಟ, ಹೆಬರ್ಟ್ ಇದ್ದಾಗ ಇದ್ದ ಹಾಗೇ ಇದೆಯಲ್ಲೇ, ಕಂಪನಿ ಬೇಡ ಬಿಡು, ಅದ್ಸರಿ, ಅವನ ಹಳೇ ಬಿರಡೆ ಎಲ್ಲಿ ಹೋಯ್ತು — ಎಲ್ಲಿ ಹೋಯ್ತು ಅಂದರೆ, ನೀಲಿ ಷರಟು, ಎಡಜೇಬು, ಗುಂಡಿ, ನಾನೇ ಹಾಕಿದ ಗುಂಡಿ