ಬಾಯಿಬಿಟ್ಟು ಹೇಳಿದ ಓಟು

ನಮ್ಮೂರಲ್ಲಿ ಮುನ್ನೂರು ತಲೆ, ಓಟು ಹನ್ನೊಂದು. ಇಷ್ಟು ಅಂತ ಕಂದಾಯ ಕಟ್ಟೋರಿಗೆ ಮಾತ್ರ ಓಟು, ಮಹಾರಾಜರ ಸರ್ಕಾರದ ಕಾನೂನು. ನನ್ನ ಗಂಡನಿಗೇ ಓಟಿರಲಿಲ್ಲ, ನನಗಿತ್ತು. ಕೆರೆ ಕೆಳಗಿನ ಎರಡೆಕರೆ ಗದ್ದೆನ ನಮ್ಮಪ್ಪ ಮುನಿಗಂಗಮ್ಮ ಅಂತ ನನ್ನ ಹೆಸರಿಗೇ ಬರೆದಿದ್ದ. ಬಂಗಾರಪೇಟೇಲಿ ಹಂಗಲ್ಲ. ಅಂಗಡಿ ಇದ್ದೋನಿಗೂ ಓಟು, ಮಾಳಿಗೆ ಮನೆ ಇದ್ದೋನಿಗೂ ಓಟು, ಪರೀಕ್ಷೆ ಪಾಸಾದ ಮೀಸೆ ಮೂಡದ ಹೈದನಿಗೂ ಓಟು. ಮಾರಿಕುಪ್ಪಂ ಗಣೀಲಿ ಕಲ್ಲು ಒಡೀತಿದ್ದ ನನ್ನ ಮೈದುನನಿಗೆ ಮಾತ್ರ ಇಲ್ಲ. ಚಿನ್ನ ತೆಗೆದರೇನು, ಕಂದಾಯ ಕಟ್ಟಲ್ವಲ್ಲ!

ಆ ವರ್ಷ ನಮ್ಮ ಕೆರೆ ನೀರನ್ನ ಕೊಳವೇಲಿ ಬಂಗಾರಪೇಟೆಗೆ ಒಯ್ಯಬೇಕು ಅಂತ ಅಳತೆಯೋರು ಬಂದು ಗೂಟ ಹೊಡೆದು ಹೋದರು. ಮೈಸೂರಿನ ಪ್ರತಿನಿಧಿ ಸಭೆಗೆ ಪೇಟೆ ಕಡೆಯಿಂದ ನಿಂತಿದ್ದು ಎಣ್ಣೆ ಮಿಲ್ಲಿನ ಸೀನಪ್ಪ. ಬೀದಿಗೊಂದು ನಲ್ಲಿ ಹಾಕಿಸ್ತೀನಿ ಅಂತ ಡಂಗುರ ಸಾರಿಸಿದ. ಹಳ್ಳಿಗಳ ಪರವಾಗಿ ನಿಂತಿದ್ದು ದಿಬ್ಬದಹಳ್ಳಿ ಗೌಡರು. ಕೊಳವೆ ನಿಲ್ಲಿಸದೆ ಮೈಸೂರಿಂದ ವಾಪಸ್ಸು ಬರಲ್ಲ ಅಂತ ಕೆರೆ ನೀರು ಮುಟ್ಟಿ ಆಣೆ ಮಾಡಿದರು. ಒಳ್ಳೇ ಮನುಷ್ಯ. ಎಡವಟ್ಟಾಗಿದ್ದು ಒಂದೇ, ಗೌಡರ ಹೆಸರೂ ನಮ್ಮನೆಯೋರ ಹೆಸರೂ ಒಂದೇ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿಯಲ್ಲ. ಹಿಡಿದರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಅಂತಾರೆ. ಮದುವೆಯಾಗಿ ಇಪ್ಪತ್ತು ವರ್ಷ, ಒಂದು ಸಲವೂ ನಾನು ಹಿಡಿದಿರಲಿಲ್ಲ. ಓಟು ಅಂದರೆ ಚೀಟಿ ಮಡಿಸಿ ಪೆಟ್ಟಿಗೇಲಿ ಹಾಕೋದು ಅಂದ್ಕೊಂಡಿದ್ದೆ, ನನ್ನ ದಡ್ಡತನಕ್ಕಿಷ್ಟು ಬೆಂಕಿ ಬೀಳ.

ಓಟಿನ ದಿನ ಕೋಳಿ ಕೂಗೋ ಹೊತ್ತಿಗೆ ನಾನೂ ನಮ್ಮನೆಯೋರೂ ಹೊರಟು, ಬೂದಿಕೋಟೆ ದಾರಿ ಹಿಡಿದು ನಡೆದು, ಬಿಸಿಲೇರೋ ಹೊತ್ತಿಗೆ ಬಂಗಾರಪೇಟೆ ಸ್ಕೂಲು ಮುಟ್ಟಿದೆವು. ಓದು ಬಾರದೋರು ಯಾರಿಗೆ ಓಟು ಅಂತ ಹೇಳಬೇಕು, ಗುರುತು ನಾನು ಹಾಕ್ತೀನಿ ಅಂದರು ಅಧಿಕಾರಿ. ದಿಬ್ಬದಹಳ್ಳಿ ಗೌಡರಿಗೆ ಅಂದೆ. ಸೀನಪ್ಪನ ಕಡೆಯ ಕನ್ನಡಕದ ಹುಡುಗ ಎದ್ದು ನಿಂತ. ಗೌಡ ಅನ್ನೋದು ಹೆಸರಲ್ಲ ಅಂದ. ಅಧಿಕಾರಿ ಪಾಪ, ಹೆಸರು ನಾನೇ ಓದ್ತೀನಿ, ತಲೆ ಆಡಿಸಮ್ಮ ಅಂದರು. ಅದಕ್ಕೂ ಅವನು ಬಿಡಲಿಲ್ಲ.

"ಕಾನೂನು ಸ್ವಾಮಿ. ಬಾಯಿಬಿಟ್ಟು ಹೆಸರು ಹೇಳಲಿ. ಇಲ್ಲ ಅಂದ್ರೆ ಓಟು ರದ್ದು ಮಾಡಿ."

ನಮ್ಮನೆಯೋರ ಹೆಸರೇ ಅವರದೂ ಸ್ವಾಮಿ ಅಂದೆ. ಸಾಲಲ್ಲಿದ್ದ ಅಂಗಡಿಯೋರೆಲ್ಲ ಗೊಳ್ಳಂತ ನಕ್ಕರು. ಈ ವಯಸ್ಸಲ್ಲೂ ನಾಚಿಕೆ ನೋಡು ಅಂದ ಒಬ್ಬ. ನಾಚಿಕೆಯಂತೆ ನಾಚಿಕೆ! ಭಯಕ್ಕೆ ತಾಳಿ ಹಿಡ್ಕೊಂಡು ಹಿಂದೆ ತಿರುಗಿ ನೋಡಿದೆ. ಬಾಗಿಲಲ್ಲಿ ನಮ್ಮನೆಯೋರು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನನ್ನನ್ನೇ ನೋಡ್ತಿದ್ದರು. ಬೇಡ ಅಂತ ತಲೆ ಅಲ್ಲಾಡಿಸಿದರು.

ಇರೋದೇ ಹನ್ನೊಂದು, ಅದರಲ್ಲೂ ಒಂದು ಹೋದರೆ ಕೆರೆ ಗತಿ ಏನು ಅಂದ್ಕೊಂಡೆ. ಬೀದಿಗೆಲ್ಲ ಕೇಳೋ ಹಂಗೆ ಕೂಗಿದೆ.

"ವೆಂಕಟೇಶಪ್ಪ!"

ನಗು ನಿಂತಿತು. ಹೊರಗೆ ಬಂದು ಚರಂಡಿ ಪಕ್ಕ ಕೂತು ವಾಂತಿ ಮಾಡ್ಕೊಂಡೆ.

ವಾಪಸ್ಸು ಬರೋವಾಗ ಅವರು ಮುಂದೆ, ನಾನು ಹಿಂದೆ. ಎಂಟು ದಿನ ಇಕ್ಕಿದ್ದು ಉಂಡು ಎದ್ದು ಹೋಗೋರು. ಒಂಬತ್ತನೇ ದಿನ ಎಣಿಕೆಯ ಸುದ್ದಿ ಬಂತು. ಸೀನಪ್ಪನಿಗೆ ಮುನ್ನೂರ ನಲವತ್ತು, ಗೌಡರಿಗೆ ಎಪ್ಪತ್ತೊಂದು. ಸುತ್ತಲ ಹಳ್ಳಿಗಳೆಲ್ಲ ಸೇರಿ ಅಷ್ಟೇ. ನಾನು ಕೂಗದೆ ಇದ್ದಿದ್ದರೆ ಎಪ್ಪತ್ತಾಗ್ತಿತ್ತು.

"ಕೂಗಿದ್ಯಲ್ಲ, ಏನು ಬಂತು?" ಅಂದರು ನಮ್ಮನೆಯೋರು. ಒಲೆ ಮುಂದೆ ಕೂತು ಅತ್ತುಬಿಟ್ಟೆ.

ಮಾರನೇ ವರ್ಷ ಕೊಳವೆ ಹಾಕಿದರು. ಸಂಕ್ರಾಂತಿ ಹೊತ್ತಿಗೆ ಕೆರೆ ತಳ ಬಿರುಕು ಬಿಟ್ಟಿತು, ನನ್ನ ಎರಡೆಕರೆ ಬೀಳು ಬಿತ್ತು. ಅದರ ಮುಂದಿನ ವರ್ಷ ಜ್ವರ ಬಂದು ನಮ್ಮನೆಯೋರು ಹೋಗಿಬಿಟ್ಟರು. ಹೆಣ ಇನ್ನೂ ಅಂಗಳದಲ್ಲಿತ್ತು. ನಾದಿನಿ ಕನಕಮ್ಮ ಎದೆ ಬಡ್ಕೊಂಡು, ಪೇಟೇಲಿ ಹೆಸರು ಕೂಗಿ ನಮ್ಮಣ್ಣನ್ನ ತಿಂದ್ಕೊಂಡ್ಲು ಅಂತ ಊರಿಗೆಲ್ಲ ಕೇಳೋ ಹಂಗೆ ಅಂದಳು. ಹಂಗಲ್ಲ ಅಂತ ಯಾರೂ ಅನ್ನಲಿಲ್ಲ. ಇವತ್ತಿಗೂ ಹಂಗೇ ಅಂತಾರೆ.

ಅನ್ನಲಿ ಬಿಡಿ. ಗಂಡನ್ನ ಕೊಲ್ಲೋ ಶಕ್ತಿ ನನ್ನ ಬಾಯಿಗಿತ್ತಂತೆ. ಒಂದು ಕೊಳವೆ ನಿಲ್ಲಿಸೋ ಶಕ್ತಿ ಇರಲಿಲ್ಲ.