ಮದ್ದಿನಲ್ಲಿ ಕಲಿತ ದಾರಿ

ಪ್ರಯೋಗಾಲಯದ ಇಲಿಗಳ ಪಂಜರ ತೊಳೆದು, ಒಣಗಿದ ಮರದ ಹೊಟ್ಟು ಹಾಸಿ, ನೀರು ತುಂಬಿಡುವುದು ಅವಳ ಕೆಲಸ. ಕೊಟ್ಟಿಗೆಯ ಪಕ್ಕದಲ್ಲೇ ಬೆಳೆದವಳಾದ್ದರಿಂದ ಆ ವಾಸನೆ ಅವಳನ್ನು ಕಾಡಲಿಲ್ಲ. ಪ್ರಯೋಗ ನಡೆಸುವ ಮೇಡಂಗೆ ಇಲಿ ಹಿಡಿದುಕೊಡುವವಳೂ ಅವಳೇ.

ಆ ದಿನ ಪ್ರಯೋಗಕ್ಕೆಂದು ಹಲಗೆಯಲ್ಲಿ ಮಾಡಿದ, ಎರಡು ಕವಲಿನ ಓಣಿಯೊಳಗೆ ಬಿಟ್ಟ ಇಲಿಯೊಂದು ಕವಲಿಗೆ ಬಂದು ನಿಂತುಬಿಟ್ಟಿತು.

“ಇದೇನು ಮೇಡಂ, ಮೊದಲ ಸಲ ಅತ್ತೆಮನೆಗೆ ಬಂದ ಅಳಿಯನ ಥರ ನಿಂತಿದೆ? ಎಡಕ್ಕೆ ತಿರುಗಿದ್ರೆ ಕಾಳು ಸಿಗುತ್ತೆ ಅಂತ ಹೋದ ವಾರವೇ ಕಲಿತಿತ್ತಲ್ಲ.”

“ಕಲಿತದ್ದು ಮದ್ದಿನ ಮಂಪರಿನಲ್ಲಿ. ಇವತ್ತು ಮದ್ದು ಕೊಟ್ಟಿಲ್ಲ. ಈಗ ನೋಡು.”

ಮೇಡಂ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಿಟ್ಟರೆ, ಇಲಿ ತೂರಾಡುತ್ತಲೇ ಹೋಗಿ ಸೀದಾ ಎಡಕ್ಕೆ ತಿರುಗಿತು.

“ಹಾಗಾದ್ರೆ ಮರೆತಿರಲಿಲ್ವಾ?”

“ಇಲ್ಲ. ಮದ್ದಿನಲ್ಲಿ ಕಲಿತದ್ದು ಕೆಲವು ಸಲ ಮದ್ದಿನಲ್ಲೇ ನೆನಪಾಗೋದು.”

ಅವಳು ಪಂಜರದ ಮುಚ್ಚಳ ಹಾಕುವುದನ್ನೇ ಮರೆತು ನಿಂತಳು.

ಅಮ್ಮ ತೀರಿಕೊಂಡ ಸಂಜೆ ಹತ್ತಿರ ಇದ್ದವನು ಅಪ್ಪ ಒಬ್ಬನೇ, ಅದೂ ಕಂಠಪೂರ್ತಿ ಕುಡಿದು. ಈ ಕುಡುಕನನ್ನು ಹೊರಗೆ ಹಾಕು ಎಂದರೆ ಅಮ್ಮ ಒಪ್ಪಲಿಲ್ಲವೆಂದು ಅವಳು ಮಾತು ಬಿಟ್ಟು ಬಾಡಿಗೆ ಕೋಣೆ ಸೇರಿದ್ದಳು. ಸುದ್ದಿ ತಿಳಿದು ಓಡಿಬರುವಷ್ಟರಲ್ಲಿ ಅಕ್ಕಪಕ್ಕದವರು ಅಮ್ಮನ ಕಣ್ಣು ಮುಚ್ಚಿಸಿದ್ದರು. ಅವಳು ಅಪ್ಪನ ಮನೆಗೇ ವಾಪಸಾಗಿದ್ದಳು. ಅಂದಿನಿಂದ ಅಪ್ಪ ಕುಡಿತ ಮುಟ್ಟಿರಲಿಲ್ಲ. ನಡುಗುತ್ತಿದ್ದ ಕೈ ನಿಧಾನವಾಗಿ ಹದಕ್ಕೆ ಬಂದು ಮತ್ತೆ ಹಗ್ಗ ಹೊಸೆಯುವಂತಾಗಿತ್ತು. ಕೊನೆಗಳಿಗೆಯಲ್ಲಿ ಅಮ್ಮ ನನ್ನ ವಿಷಯ ಏನಾದರೂ ಅಂದಳೇ ಎಂದು ಅವಳು ಎಷ್ಟು ಕೇಳಿದರೂ, “ಏನೋ ಅಂದಳು ಮಗಳೇ. ಏನು ಅನ್ನೋದೇ ಹೊಳೀತಾ ಇಲ್ಲ” ಎಂದು ತಲೆ ತಗ್ಗಿಸುತ್ತಿದ್ದ.

ಇಲಿ ದಾರಿ ನೆನಪಿಸಿಕೊಂಡ ದಿನವೇ ಸಂಜೆ ಅವಳು ಕೈಚೀಲದಲ್ಲಿ ಸಾರಾಯಿ ಬಾಟಲಿ ತಂದಳು. ಇಲಿಯ ವಿಷಯ ಹೇಳಿದಳು.

ಅಪ್ಪ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದ್ದ ಹಗ್ಗ ಬಿಡಿಸಿದ. “ನನ್ನ ಬುದ್ಧಿ ಇಲಿಯಷ್ಟೇ ಅಂತ ನಿಮ್ಮಮ್ಮ ಯಾವತ್ತೋ ಹೇಳಿದ್ದಳು. ಪ್ರಯೋಗ ಗೀಯೋಗ ಇಲ್ಲದೇನೇ ಕಂಡುಹಿಡಿದಿದ್ದಳು ನೋಡು.” ನಗಲು ನೋಡಿದ, ಆಗಲಿಲ್ಲ. “ಬೇಡ ಮಗಳೇ. ಭಯ ಆಗುತ್ತೆ.”

“ಒಂದೇ ಸಲ ಅಪ್ಪಾ. ನನಗೋಸ್ಕರ.”

ಕುಡಿದ. ಕಣ್ಣು ಮಂಜಾಯಿತು. ಗೋಡೆಗೆ ಒರಗಿ ಬಹಳ ಹೊತ್ತು ಕೂತಿದ್ದವನು, ಅಮ್ಮ ಮಲಗುತ್ತಿದ್ದ ಮಂಚದ ಕಡೆ ವಾಲಿ ಹೂಂಗುಟ್ಟಿದ.

“ನೀರು ಕೇಳಿದಳು. ಕೊಟ್ಟೆ, ಅರ್ಧ ಕತ್ತಿನ ಮೇಲೆ ಚೆಲ್ಲಿದೆ. ಬೈಲಿಲ್ಲ ಕಣೇ. ‘ಬಾಗಿಲು ಹಾಕ್ಬೇಡಿ, ನನ್ನ ಮಗಳು ಬರ್ತಾಳೆ. ನನ್ನ ಥರಾನೇ ಹಟ ಅವಳಿಗೆ, ಆದ್ರೂ ಬರ್ತಾಳೆ’ ಅಂದಳು.”

ಮಗಳು ಹಗ್ಗದ ಸುರುಳಿಗಳ ನಡುವೆ ಕುಸಿದು ಕೂತು, ಬಾಯಿಗೆ ಕೈ ಒತ್ತಿಕೊಂಡು ಅತ್ತಳು.

ಬೆಳಿಗ್ಗೆ ಅಪ್ಪನಿಗೆ ಅದಾವುದೂ ನೆನಪಿರಲಿಲ್ಲ. ಅವಳೇ ಹೇಳಿದಳು. ಪಕ್ಕದೂರಿನ ಯಾರದೋ ಸುದ್ದಿಯಂತೆ ಕೇಳಿಸಿಕೊಂಡ.

“ನಿಮ್ಮಮ್ಮನ ದನಿ ಹೇಗಿತ್ತು?”

“ನನಗೇನು ಗೊತ್ತಪ್ಪಾ, ಕೇಳಿಸಿದ್ದು ನಿನಗೆ.”

ಅವಳು ಕೆಲಸ ಮುಗಿಸಿ ಬಂದಾಗ ಹಗ್ಗಕ್ಕೆ ತಂದ ನಾರಿನ ಕಟ್ಟು ಬಿಚ್ಚಿರಲಿಲ್ಲ. ಅಪ್ಪ ಮಂಚದ ಪಕ್ಕ ಕೂತು, ಬಾಟಲಿಯಲ್ಲಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸುತ್ತಿದ್ದ. ಅವಳು ಲೋಟದ ಬಾಯಿಗೆ ಅಂಗೈ ಮುಚ್ಚಿದಳು.

“ಬೇಡಪ್ಪಾ. ನಾನು ತರಬಾರದಿತ್ತು. ಸಾಕು.”

ಅಪ್ಪ ಜಗಳವಾಡಲಿಲ್ಲ, ಲೋಟ ಎಳೆದುಕೊಳ್ಳಲೂ ಇಲ್ಲ.

“ನಿನಗೆ ಬೇಕಾದ್ದು ನಿನಗೆ ಸಿಕ್ತು ಮಗಳೇ,” ಎಂದ ಮೆಲ್ಲಗೆ. “ನಿಮ್ಮಮ್ಮ ಆ ಅಮಲಿನೊಳಗೆ ಇನ್ನೂ ಮಾತಾಡ್ತಾ ಇರ್ತಾಳೆ. ನಾನು ಹೋಗಬಾರದಾ?”

ಅವಳು ಲೋಟದ ಮೇಲಿನ ಕೈ ತೆಗೆದಳು.