ಚೀಟಿ ಕೇಳಿದ್ನಾ

ಏಕಾಂತಪ್ಪ ಸೀರೆಯ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಶಿವಮೊಗ್ಗದ ದುರ್ಗಿಗುಡಿಯ ಆ ಮನೆಯ ಹೊಸಿಲಿನ ಈಚೆಗೇ ನಿಂತುಬಿಟ್ಟ. ಭದ್ರಾವತಿಯಿಂದ ಬೆಳಗಿನ ರೈಲಿಗೆ ಬಂದವನು. ಒಳಗೆ ತಂಗಿ ಶಂಕರಮ್ಮನ ದೇಹಕ್ಕೆ ಸ್ನಾನ ಮಾಡಿಸುತ್ತಿದ್ದರು, ನೀರು ಹೊಯ್ಯುವ ಸದ್ದು ಕೇಳುತ್ತಿತ್ತು. ಸ್ನಾನವಾದ ಮೇಲೆ ಉಡಿಸಬೇಕಾದದ್ದು ತವರಿನ ಸೀರೆ. ತವರು ಅಂತ ಉಳಿದವನು ಇವನೊಬ್ಬನೇ. ಆದರೆ ಹದಿನೈದು ದೀಪಾವಳಿ ಇವನು ಕಳಿಸಿದ ಸೀರೆಯನ್ನು ಆಕೆ ಮಡಿಕೆ ಬಿಚ್ಚದೆ ಹಿಂದಕ್ಕೆ ಕಳಿಸಿದ್ದಳು. ಬದುಕಿದ್ದಾಗ ಬೇಡವೆಂದವಳಿಗೆ, ಈಗ ಬೇಡ ಎನ್ನಲಾಗದ ಹೊತ್ತು ನೋಡಿ ಉಡಿಸಿದರೆ ಅದು ಕಳ್ಳತನವಲ್ಲದೆ ಇನ್ನೇನು? ಅದೇ ಅವನ ಸಂಕಟ.

ಸೋದರ ಸೊಸೆ ದಾಕ್ಷಾಯಣಿ, ಶಂಕರಮ್ಮನ ಒಬ್ಬಳೇ ಮಗಳು, ಒದ್ದೆ ಸೆರಗಿನಲ್ಲಿ ಹೊರಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು. ಗಂಟನ್ನು ನೋಡಿದಳು.

"ಸೀರೆ ತಂದಿದೀನಿ ಕಣಮ್ಮ."

"ಕೂತಿರಿ ಮಾವ," ಎಂದು ಅಷ್ಟೇ ಹೇಳಿ ಒಳಗೆ ಹೋದಳು.

ತನ್ನಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಏಕಾಂತಪ್ಪ ಜಗಲಿಯ ತುದಿಗೆ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡ.

*

ಹದಿನಾರು ವರ್ಷದ ಹಿಂದೆ ಏಕಾಂತಪ್ಪ ಅಂದರೆ ಭದ್ರಾವತಿಯಲ್ಲಿ ದೊಡ್ಡ ಹೆಸರು. ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಭಾನುವಾರ ಮನೆಯ ಕಟ್ಟೆಯ ಮೇಲೆ ಹಲ್ಲು ಕೀಳುವ ಕೆಲಸ. ತಾನೇ ಕಾಯಿಸಿ ಬಗ್ಗಿಸಿಕೊಂಡ ಇಕ್ಕಳ. ಕಾಸು ಮುಟ್ಟುತ್ತಿರಲಿಲ್ಲ, ನಾಲ್ಕು ಜನ ಶಭಾಷ್ ಅಂದರೆ ಸಾಕು, ಎದೆ ಉಬ್ಬಿಹೋಗುತ್ತಿತ್ತು.

ಆಗ ತಂಗಿ, ಭಾವ ಬಂದಿದ್ದರು. ಭಾವ ಉಜ್ಜನಪ್ಪನಿಗೆ ಸಕ್ಕರೆ ಕಾಯಿಲೆ, ಜೊತೆಗೆ ದವಡೆ ಹಲ್ಲಿನ ನೋವು. ಮೂತ್ರದಲ್ಲಿ ಸಿಹಿ ಇಳಿಯುವ ತನಕ ಹಲ್ಲಿಗೆ ಕೈ ಹಾಕಕೂಡದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಶಂಕರಮ್ಮ ಬಟ್ಟೆ ಒಗೆಯಲು ಹೊಳೆಗೆ ಹೊರಡುವಾಗ ಬಾಗಿಲಲ್ಲೇ ತಿರುಗಿ ನಿಂತು, "ಅಣ್ಣ, ಅವರು ಎಷ್ಟು ಗೋಗರೆದ್ರೂ ನೀನು ಇಕ್ಕಳ ಮುಟ್ಟಬೇಡ," ಅಂದಿದ್ದಳು.

ಆಕೆ ಬೀದಿ ದಾಟುವುದೇ ತಡ, ಭಾವ ಶುರು ಮಾಡಿದ. "ಮೂರು ದಿನದಿಂದ ಅನ್ನ ಇಳಿದಿಲ್ಲ ಮಾರಾಯ. ಊರೋರಿಗೆಲ್ಲ ಕೀಳ್ತೀಯ, ನಾನೇನು ಪರಕೀಯನಾ?"

ಒಂದೇ ಎಳೆತ. ಭಾವ ಉಗುಳಿ, ಬಾಯಿ ಮುಕ್ಕಳಿಸಿ, ನಕ್ಕ. ಶಂಕರಮ್ಮ ಬಂದವಳು ಕಟ್ಟೆಯ ಮೇಲಿದ್ದ ಹಲ್ಲನ್ನು ನೋಡಿ ಒದ್ದೆ ಬಟ್ಟೆಯ ಬಕೀಟನ್ನು ಮೆಲ್ಲಗೆ ಕೆಳಗಿಟ್ಟಳು. ಗಾಯ ಮಾಯಲಿಲ್ಲ. ಬಾವು ಕೆನ್ನೆಗೆ, ಕೆನ್ನೆಯಿಂದ ಕತ್ತಿಗೆ ಇಳಿದು ಹನ್ನೊಂದನೆಯ ದಿನ ಉಜ್ಜನಪ್ಪ ಹೋದ.

"ಹೇಳಿದ್ನಲ್ಲ ಅಣ್ಣ," ಅಂದಳು ಶಂಕರಮ್ಮ. ಅವನೊಂದಿಗೆ ಆಡಿದ ಕಡೆಯ ಮಾತು ಅದು.

ಆಕೆ ಶಿವಮೊಗ್ಗಕ್ಕೆ ಹಿಂದಿರುಗಿ ಆಸ್ಪತ್ರೆಯೊಂದರಲ್ಲಿ ಆಯಾ ಆದಳೆಂದು ಇವನಿಗೆ ಬೇರೆಯವರಿಂದ ಗೊತ್ತಾಯಿತು. ಇವನು ಇಕ್ಕಳವನ್ನು ಅಟ್ಟಕ್ಕೆ ಎಸೆದಿದ್ದ. ವರ್ಷ ಕಳೆದ ಮೇಲೆ ಒಂದು ಭಾನುವಾರ ಶಿವಮೊಗ್ಗದ ಕಡೆಯ ಯಾರೋ ಕೆನ್ನೆ ಹಿಡಿದುಕೊಂಡು ಬಂದರು. ಕೈಯಲ್ಲಿ ಆಸ್ಪತ್ರೆಯ ಚೀಟಿ, ಅದರಲ್ಲಿ 'ಸಿಹಿ ಇಲ್ಲ, ಹಲ್ಲು ತೆಗೆಯಬಹುದು' ಎಂಬ ಬರಹ. ಏಕಾಂತಪ್ಪ ಅಟ್ಟ ಹತ್ತಿ ಇಕ್ಕಳ ಇಳಿಸಿ, ನೀರಲ್ಲಿ ಕುದಿಸಿ ಆ ಹಲ್ಲು ಕಿತ್ತ. ಆಮೇಲೆ ತಿಂಗಳಿಗೊಬ್ಬರೋ ಇಬ್ಬರೋ ಬರುತ್ತಲೇ ಇದ್ದರು. ಚೀಟಿ ಇಲ್ಲದವರು ಕಾಲಿಗೆ ಬಿದ್ದರೂ ಅವನು ಮುಟ್ಟುತ್ತಿರಲಿಲ್ಲ. ಚೀಟಿ ಕೊಟ್ಟು ಕಳಿಸುವ ಆಸ್ಪತ್ರೆಯ ಕಾಂಪೌಂಡರಿಗೆ ತನ್ನ ಮೇಲೆ ಅದೇಕೋ ನಂಬಿಕೆ ಅಂದುಕೊಂಡಿದ್ದ.

*

ಜಗಲಿಯಲ್ಲಿ ಪಕ್ಕಕ್ಕೆ ಕೂತಿದ್ದವರು ಅಕ್ಕಿ ಗಿರಣಿಯ ಯಜಮಾನ ರಾಮಚಂದ್ರಪ್ಪ. ಬಾಯಿ ಸುಮ್ಮನಿರದ ಮನುಷ್ಯ.

"ನನಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ," ಎಂದರು. "ವಾರಕ್ಕೊಂದು ಸಲ ಬಂದು, ನನ್ನನ್ನ ಬೆಳಕಿಗೆ ತಿರುಗಿಸಿ, ಬಾಯಿ ತೆಗೀರಿ ಅನ್ನೋರು ನಿಮ್ಮ ತಂಗಿ. ಗಿರಣಿ ಆಳುಗಳ ಎದುರಿಗೇ. ಇದ್ದಿಲು ಪುಡಿ ಹಾಕಿ ಉಜ್ಜಿದ್ದು ಗೊತ್ತಾದ್ರೆ ಬೈಗುಳ. ವಸಡಿನಲ್ಲಿ ರಕ್ತ ಕಂಡ್ರೆ ಹೋಳಿಗೆ ಬಂದ್. ನಮ್ಮಮ್ಮ ಹಾಸಿಗೆ ಹಿಡಿದಾಗ ದಿನಾ ಬೆರಳಿಗೆ ಬಟ್ಟೆ ಸುತ್ತಿ, ಉಪ್ಪುನೀರಲ್ಲಿ ಅದ್ದಿ, ನಾಲಿಗೆ ಅಡಿವರೆಗೂ ಒರೆಸೋರು. ಅಮ್ಮ ಕಡೇತನಕ ಗಂಜಿ ಕುಡಿದ್ಲು ಅಂದ್ರೆ ಅದಕ್ಕೇ."

ಏಕಾಂತಪ್ಪ ತಲೆ ಆಡಿಸಿದ. ತಂಗಿಯ ವಿಷಯ ಪರರ ಬಾಯಿಂದ ಕೇಳಬೇಕಾಯಿತಲ್ಲ ಅಂದುಕೊಂಡ.

"ನನ್ನ ಗುರುತು ಸಿಗಲಿಲ್ವಾ ನಿಮಗೆ?" ರಾಮಚಂದ್ರಪ್ಪ ಬಾಯಿ ಅಗಲಿಸಿ ಎಡಗಡೆಯ ಸಂದು ತೋರಿಸಿದರು.

ಮುಖ ನೆನಪಿರಲಿಲ್ಲ, ಸಂದು ನೆನಪಿತ್ತು. "ಓಹೋ, ಕಾಂಪೌಂಡರು ಕಳಿಸಿದ್ರಲ್ಲ."

"ಯಾವ ಕಾಂಪೌಂಡರು? ಶಂಕರಮ್ಮ ಕಳಿಸಿದ್ದು. ಆರು ವಾರ ಪಥ್ಯ ಮಾಡಿಸಿ, ಸಿಹಿ ಇಳಿಸಿ, ಚೀಟಿ ಬರೆಸಿಕೊಟ್ಟು, ಭದ್ರಾವತಿಗೆ ಹೋಗಿ ಅಂದ್ರು. ನನ್ನ ಹೆಸರು ಎತ್ತಬೇಡಿ ಅಂದಿದ್ರು, ಎತ್ತಲಿಲ್ಲ. ಬೇರೆ ಯಾರೂ ಇಲ್ವಾ ಅಂತ ಕೇಳಿದ್ದಕ್ಕೆ, ಅವನು ಇನ್ನು ತಪ್ಪು ಮಾಡಲ್ಲ, ಅಂದ್ರು."

ಏಕಾಂತಪ್ಪ ಅವರ ಕಡೆಗೆ ತಿರುಗಿ ಕೂತ.

"ವಾಪಸ್ ಬಂದಾಗ ನೋವಿದೆಯಾ ಅಂತಲೂ ಕೇಳಲಿಲ್ಲ ಪುಣ್ಯಾತ್ಗಿತ್ತಿ. ಅವನು ಚೀಟಿ ಕೇಳಿದ್ನಾ ಅಂದ್ರು. ಕೇಳಿದ್ರು, ಎರಡೆರಡು ಸಲ ಓದಿಸಿದ್ರು ಅಂದೆ. ಹ್ಞೂ ಅಂದು ಒಳಗೆ ಹೋದ್ರು. ಎಲ್ಲರನ್ನೂ ಹಾಗೇ ಕೇಳ್ತಿದ್ರಂತೆ."

ಹದಿನೈದು ವರ್ಷ ಸೀರೆ ಹಿಂದಿರುಗಿಸಿದ ಕೈಯೇ ಅಷ್ಟು ಜನರನ್ನು ಅವನ ಕಟ್ಟೆಗೆ ಕಳಿಸಿತ್ತು. ಏಕಾಂತಪ್ಪ ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತ. ರಾಮಚಂದ್ರಪ್ಪ ತಾನೇನು ತಪ್ಪು ಆಡಿದೆನೋ ಅಂತ ಅತ್ತಿತ್ತ ನೋಡಿದರು.

*

ನೀರಿನ ಸದ್ದು ನಿಂತಿತ್ತು. ಏಕಾಂತಪ್ಪ ಎದ್ದು ಹೊಸಿಲಿನ ಹತ್ತಿರ ಹೋದ. ಶಂಕರಮ್ಮನಿಗೆ ಮಡಿಬಟ್ಟೆ ಹೊದಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅಯ್ಯನವರು ವಿಭೂತಿಯ ತಟ್ಟೆ ಹಿಡಿದು ಕಾಯುತ್ತಿದ್ದರು.

"ದಾಕ್ಷಾಯಣಿ, ಅವತ್ತು ನಿಮ್ಮಮ್ಮನ ಮಾತು ಮೀರಿದೆ. ಇವತ್ತು ನಿನ್ನನ್ನ ಕೇಳ್ತಿದೀನಿ. ಸೀರೆ ಬೇಡ ಅಂದ್ರೆ ತಗೊಂಡು ಹೋಗ್ತೀನಿ, ಬೇಜಾರಿಲ್ಲ."

ದಾಕ್ಷಾಯಣಿ ಹೊಸಿಲಿಗೆ ಬಂದಳು.

"ಅಮ್ಮ ಏನೂ ಹೇಳಿ ಹೋಗ್ಲಿಲ್ಲ ಮಾವ. ಸತ್ತೋರಿಗೂ ಬಾಯಿ ಒರೆಸದೆ ವಿಭೂತಿ ಹಚ್ಚೋಕೆ ಬಿಡ್ತಿರಲಿಲ್ಲ ಅಮ್ಮ. ಆಕೆಗೇ ಅದನ್ನ ಮಾಡೋಕೆ ನನ್ನಿಂದ ಆಗ್ತಿಲ್ಲ."

ಗಂಟನ್ನು ಅವನ ಕೈಯಿಂದ ತಾನೇ ಬಿಡಿಸಿಕೊಂಡಳು. ಬಿಳಿ ಸೀರೆಯ ಮಡಿಕೆ ಕೊಡವಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಎರಡು ಬೆರಳಗಲದ ಪಟ್ಟಿ ಹರಿದು ಅವನಿಗೆ ಕೊಟ್ಟಳು. ಉಪ್ಪುನೀರಿನ ಬಟ್ಟಲನ್ನು ಕೆಳಗಿಟ್ಟಳು.

ಏಕಾಂತಪ್ಪ ತಂಗಿಯ ಎದುರಿಗೆ ಕೂತು ಪಟ್ಟಿಯನ್ನು ತೋರುಬೆರಳಿಗೆ ಸುತ್ತಿ ನೀರಲ್ಲಿ ಅದ್ದಿದ. ಅದ್ದಿದ ಬೆರಳನ್ನು ತುಟಿಯ ಹತ್ತಿರ ತಂದು ನಿಲ್ಲಿಸಿದ.

"ಶಂಕರಿ, ಒರೆಸ್ಲಾ?"

ಅಯ್ಯನವರು ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಬೆರಳಿನಿಂದ ಉಪ್ಪುನೀರು ಹನಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಏಕಾಂತಪ್ಪ ಕಾಯುತ್ತಲೇ ಇದ್ದ. ಅವನ ಹಿಂದೆ ದಾಕ್ಷಾಯಣಿ, ಅಮ್ಮನಿಗೆ ಉಡಿಸಲೆಂದು, ಅಂಚು ಹರಿದ ಸೀರೆಯ ನೆರಿಗೆ ಹಿಡಿಯತೊಡಗಿದ್ದಳು.